ಹಿಮ ಬೀಳದ ಊರಿಗೆ ನೀಲಿ ಎಲೆಯ ಹೋಸ್ಟಾ

ಪುನರ್ವಸು ಮಳೆ ಸ್ವಲ್ಪ ಬಿಡುವು ಕೊಟ್ಟ ಮಂಗಳವಾರ ಮಧ್ಯಾಹ್ನ, ಜರ್ಮನಿಯಿಂದ ರಜೆಗೆ ಬಂದಿರುವ ತಂಗಿಯ ಮಗಳು ನಮ್ಮ ಹಿತ್ತಲಿನ ಕೆಸವಿನ ಎಲೆಯೊಂದನ್ನು ಹೆಬ್ಬೆರಳಿನಿಂದ ಉಜ್ಜಿ, "ದೊಡ್ಡಮ್ಮಾ, ಇದರ ಮೇಲೂ ಅದೇ ಬೂದಿ ಇದೆ ನೋಡು" ಎಂದು ಕೂಗಿದಳು. ಉಜ್ಜಿದ ಜಾಗದಲ್ಲಿ ಎಲೆ ಕಡುಹಸಿರಾಗಿತ್ತು, ಉಜ್ಜದ ಕಡೆ ಮಂಕಾದ ನೀಲಿ ಛಾಯೆ ಹಾಗೆಯೇ ಉಳಿದಿತ್ತು. ಆ ಹೆಬ್ಬೆರಳಿನ ಗುರುತು ಈ ವಾರವಿಡೀ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಅವಳು "ಅದೇ" ಎಂದದ್ದು ತನ್ನ ಮನೆಯ ಉತ್ತರದ ಗೋಡೆಯ ನೆರಳಿನಲ್ಲಿ ಬೆಳೆಸಿರುವ ಹೋಸ್ಟಾ ಎಂಬ ದೊಡ್ಡ ಎಲೆಗಿಡಗಳ ಎಲೆಯ ಬಗ್ಗೆ. ಹಿಂದಿನ ರಾತ್ರಿಯಷ್ಟೇ ಅವುಗಳ ಚಿತ್ರಗಳನ್ನು ನಮಗೆಲ್ಲ ತೋರಿಸಿದ್ದಳು. ಮಂಡಿಯನ್ನು ಮೀರಿದ ಎತ್ತರ, ಒಂದು ಮೀಟರಿಗೂ ಹೆಚ್ಚಿನ ಹರವು, ನೆರಿಗೆ ನೆರಿಗೆಯಾದ ದಪ್ಪ ಎಲೆ, ಅದರ ಮೇಲೆ ಬೂದುಗುಂಬಳಕಾಯಿಯ ಮೇಲಿರುವಂಥದೇ ಬಿಳಿ ಪುಡಿ. ಜಪಾನಿನ ಕಾಡಿನಿಂದ ಬಂದ ಸೀಬೋಲ್ಡಿಯಾನ ಎಂಬ ಜಾತಿಯಿಂದ 1905ರಲ್ಲಿ ಗಿಯೋರ್ಗ್ ಆರೆಂಡ್ಸ್ ಎಂಬ ಜರ್ಮನ್ ತೋಟಗಾರರು ಆರಿಸಿ ಬೆಳೆಸಿದ 'ಎಲೆಗಾನ್ಸ್' ಎಂಬ ತಳಿ ಅದು. ಎಲೆಯಲ್ಲಿ ನೀಲಿ ಬಣ್ಣವೆಂಬುದೇ ಇಲ್ಲ, ಇರುವುದು ಹಸಿರೇ. ಮೇಲಿನ ತೆಳುವಾದ ಮೇಣದ ಪದರದಿಂದಾಗಿ ಅದು ನಮ್ಮ ಕಣ್ಣಿಗೆ ನೀಲಿಯಾಗಿ ತೋರುತ್ತದೆ. ಎಲೆ ಬಿಚ್ಚಿಕೊಳ್ಳುವಾಗ ಬಂದ ಆ ಮೇಣ ಬಿಸಿಲು ಮಳೆಗಳಿಗೆ ಸವೆದುಹೋಗುವುದರಿಂದ, ವಸಂತದಲ್ಲಿ ನೀಲಿಯಾಗಿದ್ದ ಗಿಡ ಬೇಸಿಗೆಯ ಕೊನೆಗೆ ಹಸಿರಾಗಿಬಿಡುತ್ತದಂತೆ. ಇದನ್ನೆಲ್ಲ ಅವಳು ಹೇಳುತ್ತಿದ್ದಾಗ ನಮ್ಮ ಅತ್ತೆಯವರು ಕೇಳಿದ್ದು ಒಂದೇ ಪ್ರಶ್ನೆ, "ಅದನ್ನು ತಿನ್ನಬಹುದಾ?" ಜಪಾನಿನಲ್ಲಿ ವಸಂತದ ಎಳೆಯ ಚಿಗುರನ್ನು 'ಉರುಯಿ' ಎಂಬ ಹೆಸರಿನಲ್ಲಿ ತರಕಾರಿಯಾಗಿ ಬಳಸುತ್ತಾರೆಂದು ತಿಳಿದ ಮೇಲೆಯೇ ಅವರಿಗೆ ಆ ಗಿಡದ ಬಗ್ಗೆ ಗೌರವ ಮೂಡಿದ್ದು. ಎಂಬತ್ತು ದಾಟಿದ ಅವರು ಸೊಪ್ಪನ್ನು ನೋಡುವ ಕ್ರಮವೇ ಅದು, ಮತ್ತು ಅದು ಸರಿಯಾದ ಕ್ರಮ ಎಂದು ನಾನು ನಂಬಿದ್ದೇನೆ.

ಮಂಗಳವಾರ ಹಿತ್ತಲಿನಲ್ಲಿ ನಮ್ಮೊಂದಿಗೆ ಪಕ್ಕದ ಹೋಂಸ್ಟೇಯ ಮಾಲೀಕರೂ ಇದ್ದರು. ಉಪಕಾರ ಬುದ್ಧಿಯ ಮನುಷ್ಯರು. ಮರ ಬಿದ್ದು ರಸ್ತೆ ಕಟ್ಟಿದಾಗ ಗರಗಸ ಹಿಡಿದು ಮೊದಲು ಬರುವವರು ಅವರೇ. ಆದರೆ ತಮ್ಮ ನೆಲದಲ್ಲಿ ಏನಿದೆ ಎಂಬುದನ್ನು ಅವರು ನೋಡುವುದಿಲ್ಲ. ಹಲಸಿನ ಮರದ ಕೆಳಗಿದ್ದ ಜರಿಗಿಡ, ಕೆಸುಗಳನ್ನೆಲ್ಲ ಕೀಳಿಸಿ ಹಾಕಿಸಿದ ಹುಲ್ಲುಹಾಸು ನೆರಳಿಗೂ ನೀರಿಗೂ ಸಿಕ್ಕಿ ಕೊಳೆತುಹೋಯಿತು. ನೀಲಿ ಎಲೆಯ ಚಿತ್ರ ಕಂಡದ್ದೇ ತಡ, "ಮುಂದಿನ ಸಲ ಬರುವಾಗ ಒಂದೆರಡು ಬುಡ ತಂದುಕೊಡಮ್ಮ, ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಟ್ಟರೆ ಯಾರಿಗೆ ಗೊತ್ತಾಗುತ್ತದೆ" ಎಂದುಬಿಟ್ಟರು. ಹುಡುಗಿ ನನ್ನ ಮುಖ ನೋಡಿದಳು. ನಾನು ಬೇಡವೆಂದೆ. ನನ್ನ ಧ್ವನಿ ಸ್ವಲ್ಪ ಗಟ್ಟಿಯಾಗಿಯೇ ಬಂದಿರಬೇಕು, ಅವರು ಕಾಫಿಗೂ ನಿಲ್ಲದೆ ಹೊರಟರು.

ಬೇಡವೆಂದದ್ದಕ್ಕೆ ಕಾನೂನೂ ಒಂದು ಕಾರಣ. ನಮ್ಮ ದೇಶದ 2003ರ ಸಸ್ಯ ಸಂಪರ್ಕನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಹೊರದೇಶದ ಗಿಡ ಗಡ್ಡೆಗಳಿಗೆ ಆಮದು ಪರವಾನಗಿಯೂ ರೋಗವಿಲ್ಲವೆಂಬ ಪ್ರಮಾಣಪತ್ರವೂ ಬೇಕು. ಹೋಸ್ಟಾಕ್ಕೆ 'ಹೋಸ್ಟಾ ವೈರಸ್ ಎಕ್ಸ್' ಎಂಬ ರೋಗವಿದೆ. ಅದು ಗಿಡದ ರಸದ ಮೂಲಕ, ಬುಡ ಕತ್ತರಿಸುವ ಚಾಕುವಿನಿಂದಲೇ ಹರಡುತ್ತದೆ, ಮತ್ತು ಮೊದಮೊದಲು ಎಲೆಯ ಮೇಲೆ ಚೆಂದದ ಗೆರೆಗಳಂತೆ ಕಾಣಿಸಿಕೊಳ್ಳುವುದರಿಂದ ಅದನ್ನು ಹೊಸ ತಳಿಯೆಂದು ಭಾವಿಸಿ ಕೊಂಡವರೂ ಉಂಟು. ಎಲೆಯೊಳಗೆ ಬದುಕುವ ಜಂತುಹುಳುಗಳೂ ಬುಡದೊಂದಿಗೆ ಬರಬಹುದು. ಅಡಿಕೆಯ ಎಲೆಚುಕ್ಕಿ ರೋಗದಿಂದ ಸೋಗೆ ಒಣಗಿ ನಿಂತ ತೋಟಗಳನ್ನು ದಿನವೂ ಕಾಣುವ ಊರಿನವರು, ಬಟ್ಟೆಯ ನಡುವೆ ಅಡಗಿಸಿದ ಗಡ್ಡೆಯನ್ನು ಹಗುರವಾಗಿ ಕಾಣಬಾರದು. ಲಂಟಾನವೂ ಒಂದು ಕಾಲಕ್ಕೆ ತೋಟದ ಅಂದಕ್ಕೆಂದೇ ಈ ದೇಶಕ್ಕೆ ಬಂದದ್ದು.

ಆದರೆ ಕಾನೂನಿಗಿಂತ ನನ್ನನ್ನು ಹೆಚ್ಚು ತಡೆದದ್ದು ಆ ಗಿಡದ ಮೇಲಿನ ಕಾಳಜಿಯೇ. ನೆರಳಿದೆ, ತೇವವಿದೆ, ದರಕು ಕೊಳೆತ ಕಪ್ಪು ಮಣ್ಣಿದೆ, ಮತ್ತೇನು ಬೇಕು ಎಂದು ಹೋಂಸ್ಟೇಯವರು ಕೇಳಿದ್ದರು. ಬೇಕಾದದ್ದು ಚಳಿ, ಅದೂ ನಮ್ಮಲ್ಲಿ ಕಂಬಳಿ ಹೊದೆಯಿಸುವಷ್ಟು ಮಾತ್ರದ ಚಳಿಯಲ್ಲ. ಹೋಸ್ಟಾ ಚಳಿಗಾಲದಲ್ಲಿ ಎಲೆಗಳನ್ನೆಲ್ಲ ಕಳೆದುಕೊಂಡು ನೆಲದೊಳಗೆ ಮಲಗುತ್ತದೆ. ಹಲವು ವಾರಗಳ ಕಾಲ 5 ಡಿಗ್ರಿಯ ಆಸುಪಾಸು ಅಥವಾ ಅದಕ್ಕೂ ಕೆಳಗಿನ ತಂಪು ಬೇರಿಗೆ ತಾಗಿದರೆ ಮಾತ್ರ ಅದು ವಸಂತದಲ್ಲಿ ಬಲವಾಗಿ ಏಳುತ್ತದೆ. ಶಿವಮೊಗ್ಗದಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳೂ ಸಾಮಾನ್ಯವಾಗಿ 10 ಡಿಗ್ರಿಗಿಂತ ಮೇಲೆಯೇ ಇರುತ್ತವೆ. ಆ ತಂಪು ಸಿಗದ ಹೋಸ್ಟಾ ಒಮ್ಮೆಲೇ ಸಾಯುವುದಿಲ್ಲ, ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಹೋಗುತ್ತದೆ. ಪೂರ್ಣ ಗಾತ್ರಕ್ಕೆ ಬರಲು ನಾಲ್ಕೈದು ವರ್ಷವಾದರೂ ಬೇಕಾದ ದೈತ್ಯ ತಳಿಯನ್ನು ಹಾಗೆ ಕುಗ್ಗಲು ಬಿಡುವುದು ನನ್ನಿಂದಾಗದು. ಬೆಚ್ಚಗಿನ ಊರುಗಳಲ್ಲಿ ಕೆಲವರು ಬುಡವನ್ನು ಅಗೆದು ಫ್ರಿಜ್ಜಿನಲ್ಲಿಟ್ಟು ಮಲಗಿಸುತ್ತಾರೆ ಎಂದು ಹುಡುಗಿ ಹೇಳಿದಳು. ಇರಬಹುದು, ಆದರೆ ವರ್ಷವರ್ಷವೂ ಅಗೆಯಿಸಿಕೊಳ್ಳುವ ಬುಡ ಎಂದಿಗೆ ಮೀಟರಗಲ ಹರಡೀತು?

ಎಂಥದೋ ಪವಾಡದಿಂದ ಗಿಡ ಬೆಳೆಯಿತೆಂದೇ ಇಟ್ಟುಕೊಂಡರೂ ನೀಲಿ ಉಳಿಯಬೇಕಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿಂದ ತುಸು ದೂರದ ನಮ್ಮ ಊರಿನದೂ ಅದೇ ಮಳೆಯ ಸೆರಗು. ವಸಂತದಲ್ಲೊಮ್ಮೆ ಬಿಟ್ಟ ಎಲೆಗಳನ್ನೇ ಬಹುಪಾಲು ಚಳಿಗಾಲದವರೆಗೂ ಹೊತ್ತು ನಿಲ್ಲುವ ಹೋಸ್ಟಾದ ಮೇಣ ಆಷಾಢ ಕಳೆಯುವುದರೊಳಗೆ ತೊಳೆದುಹೋಗುತ್ತಿತ್ತು. ಕೆಸವು ಹಾಗಲ್ಲ. ಮಳೆಗಾಲ ಪೂರ್ತಿ ಒಂದಾದ ಮೇಲೊಂದು ಎಲೆ ಬಿಚ್ಚುತ್ತಲೇ ಇರುವುದರಿಂದ, ಹೊಸ ಮೇಣದ ಎಲೆ ಅದರಲ್ಲಿ ಸದಾ ಇರುತ್ತದೆ. ಬಿದ್ದ ಹನಿ ಎಲೆಯನ್ನು ನೆನೆಸದೆ ಗುಂಡಗೆ ಉರುಳಿಹೋಗುವುದೂ ಆ ಮೇಣದ ದೆಸೆಯಿಂದಲೇ. ಹುಡುಗಿಯ ಹೆಬ್ಬೆರಳು ಕಂಡುಹಿಡಿದದ್ದು ಇದನ್ನು, ಅವಳಿಗೆ ಆ ಕ್ಷಣ ಅದರ ಪೂರ್ತಿ ಅರ್ಥ ಹೊಳೆಯದಿದ್ದರೂ.

ನಮ್ಮ ನೆರಳಿನ ಗಿಡಗಳಿಗೂ ನಿದ್ದೆಯಿದೆ, ಆದರೆ ಅವು ಮಲಗುವ ಕಾಲ ಬೇರೆ. ಮರದ ಕವಲುಗಳಲ್ಲಿ ಈಗ ಎಲೆ ಬಿಟ್ಟಿರುವ ಮರಗೆಸು ಮಳೆ ನಿಂತ ಮೇಲೆ ಎಲೆ ಉದುರಿಸಿ, ಬೇಸಿಗೆಯನ್ನೆಲ್ಲ ಗಡ್ಡೆಯಾಗಿ ಕಳೆಯುತ್ತದೆ. ಗೌರಿಹಬ್ಬದ ಹೊತ್ತಿಗೆ ಬೇಲಿಯ ಮೇಲೆ ಅರಳುವ ಗೌರಿಹೂವಿನದೂ, ಮೊದಲ ಮಳೆಗೆ ಮೊಳೆಯುವ ಸುವರ್ಣಗಡ್ಡೆಯದೂ ಇದೇ ರೀತಿ. ಹೋಸ್ಟಾ ಹಿಮಕ್ಕೆ ಮಲಗಿದರೆ ಇವು ಬರಕ್ಕೆ ಮಲಗುತ್ತವೆ. ಗಿಡವನ್ನು ಒಂದು ಊರಿನಿಂದ ಇನ್ನೊಂದಕ್ಕೆ ಒಯ್ಯುವವರು ಬಿಸಿಲು, ನೀರು, ಗೊಬ್ಬರಗಳನ್ನು ವಿಚಾರಿಸುತ್ತಾರೆಯೇ ಹೊರತು ಅದು ಯಾವಾಗ ಮಲಗುತ್ತದೆಂದು ಕೇಳುವುದಿಲ್ಲ. ಪರದೇಶದಲ್ಲಿರುವ ಮಕ್ಕಳಿಗೆ ಫೋನು ಮಾಡಿದಾಗಲೂ ನಾವು ಊಟ, ಕೆಲಸಗಳನ್ನೇ ಕೇಳುತ್ತೇವೆ. ಈ ಹುಡುಗಿ ಮೊದಲ ಎರಡು ಚಳಿಗಾಲಗಳಲ್ಲಿ ನಾಲ್ಕು ಗಂಟೆಗೇ ಕವಿಯುವ ಕತ್ತಲೆಯಿಂದ ನಿದ್ದೆ ಕೆಟ್ಟು ಸೊರಗಿದ್ದಳೆಂಬುದು ನನಗೆ ತಿಳಿದದ್ದು ಈ ಮಂಗಳವಾರ, ಹೋಸ್ಟಾದ ಮಾತಿನ ನಡುವೆ. ವಸಂತದಲ್ಲಿ ಅದರ ಮೊಳಕೆ ನೆಲ ಸೀಳಿಕೊಂಡು ಬಂದದ್ದನ್ನು ಕಂಡ ಮೇಲೆ ಅಲ್ಲಿರಲು ಧೈರ್ಯ ಬಂತಂತೆ. ಆ ಗಿಡ ಅಲ್ಲಿಯೇ, ಅವಳ ಉತ್ತರದ ಗೋಡೆಯ ಪಕ್ಕದಲ್ಲಿಯೇ ಇರಬೇಕೆಂದು ನನಗೆ ಪೂರ್ತಿ ಖಚಿತವಾದದ್ದು ಆಗ.

ನಿನ್ನೆ ಸಂಜೆ ನಾನೇ ಹೋಂಸ್ಟೇಗೆ ಹೋಗಿ, ಹಲಸಿನ ಮರದ ಕೆಳಗಿನ ದರಕನ್ನು ಇನ್ನು ಗುಡಿಸಬೇಡಿರೆಂದು ಕೇಳಿಕೊಂಡೆ. ಮಣ್ಣು ಹಸಿಯಿರುವಾಗಲೇ ನಮ್ಮ ಹಿತ್ತಲಿನಿಂದ ಕೆಸವಿನ ಮರಿಗಳನ್ನು ಕೊಡುತ್ತೇನೆ, ಒಂದೊಂದಕ್ಕೂ ಮೂರಡಿ ಬಿಟ್ಟು ನೆಡಿರಿ, ನಡುವೆ ಜರಿಗಿಡ ತಾನಾಗಿ ಬರುತ್ತದೆ, ಬಂದದ್ದನ್ನು ಕೀಳಬೇಡಿರಿ ಎಂದೆ. ಅತಿಥಿಗಳು ಮನೆಯ ಮುಂದೆ ಕೆಸವು ನೋಡಿ ಏನೆಂದಾರು ಎಂಬ ಅಳುಕು ಅವರ ಮುಖದಲ್ಲಿತ್ತು. ಅವರಿಗೆ ಪತ್ರೊಡೆ ಮಾಡಿ ಬಡಿಸಿ ಎಂದು ನಮ್ಮ ಅತ್ತೆ ಹೇಳಿ ಕಳಿಸಿದ್ದನ್ನು ತಿಳಿಸಿದೆ. ಭಾನುವಾರ ಕೆಲಸದವರನ್ನು ಕಳಿಸುವುದಾಗಿ ಹೇಳಿದ್ದಾರೆ.