ಚೆಸ್ ಎಂಜಿನ್ ಡೈರಿ: ಶಿರೋವ್ ಆಡಿದ ಬಿಷಪ್ ಎಚ್3

ಈ ವಾರ ಪೂರ್ತಿ ಒಂದೇ ನಡೆಯ ಹಿಂದೆ ಬಿದ್ದಿದ್ದೇನೆ. 1998ರ ಲಿನಾರೆಸ್ ಟೂರ್ನಿಯಲ್ಲಿ ಟೊಪಲೋವ್ ವಿರುದ್ಧ ಕಪ್ಪು ಕಾಯಿಗಳಲ್ಲಿ ಆಡುತ್ತಿದ್ದ ಅಲೆಕ್ಸಿ ಶಿರೋವ್ 47ನೇ ನಡೆಯಲ್ಲಿ ಬಿಷಪ್ಪನ್ನು ಎಚ್3 ಮನೆಗೆ ತಂದಿಟ್ಟರಲ್ಲ, ಅದೇ. ಇಬ್ಬರಿಗೂ ಒಂದೊಂದು ಬಿಷಪ್, ಅವೂ ಬೇರೆ ಬೇರೆ ಬಣ್ಣದ ಮನೆಗಳವು. ಇಂಥ ಕಡೆಯಾಟದಲ್ಲಿ ಎರಡು ಪಾನ್ ಜಾಸ್ತಿ ಇದ್ದರೂ ಎಷ್ಟೋ ಸಲ ಡ್ರಾ. ಕಪ್ಪು ರಾಜ ಎಫ್5 ದಾಟಿ ಇ4ಕ್ಕೆ ಓಡಬೇಕು, ಆದರೆ ಎಫ್5ರಲ್ಲಿ ತನ್ನದೇ ಬಿಷಪ್ ಕೂತಿದೆ. ಅದನ್ನು ಸುಮ್ನೆ ಬೇರೆ ಕಡೆ ಸರಿಸಿದರೆ ಬಿಳಿ ರಾಜನಿಗೆ ಎಫ್2, ಇ3 ಎಂದು ಬಂದು ಅಡ್ಡ ನಿಲ್ಲಲು ಪುರುಸೊತ್ತು ಸಿಗುತ್ತದೆ. ಎಚ್3ಕ್ಕೆ ಹೋದರೆ ಬಿಳಿಯ ಜಿ2 ಪಾನ್ ಅದನ್ನು ಹೊಡೆಯಬಹುದು, ಅಂದರೆ ಬಿಷಪ್ಪನ್ನೇ ಬಲಿ ಕೊಟ್ಟಂತೆ; ಆದರೆ ಜಿ2 ಪಾನ್‌ಗೂ ಬೆದರಿಕೆ, ರಾಜನ ದಾರಿಯೂ ಖಾಲಿ. ಎಷ್ಟು ಚೆಂದ ಅಲ್ವಾ!

ನಾನು ಬರೆಯುತ್ತಿರುವ ಪುಟ್ಟ ಎಂಜಿನ್ (ಚೆಸ್ ಆಡುವ ಪ್ರೋಗ್ರಾಂ) ಇದನ್ನು ಯಾಕೆ ನೋಡುತ್ತಿರಲಿಲ್ಲ ಎಂದು ಸರ್ಚ್ ಲಾಗ್, ಅಂದರೆ ಅದು ಹುಡುಕಿದ ನಡೆಗಳ ದಾಖಲೆ, ತೆಗೆದು ನೋಡಿದೆ. ಆಳ (ಎಷ್ಟು ನಡೆ ಮುಂದೆ ನೋಡುತ್ತದೆ ಎನ್ನುವುದು) ಸಾಲದೆ ಇದ್ದದ್ದು ಮುಖ್ಯ ಕಾರಣವಲ್ಲ, ಎಚ್3ರ ಮುಂದಿನ ನಡೆಗಳ ಕೊಂಬೆಯನ್ನೇ ಅದು ಮೊದಲೇ ಕತ್ತರಿಸುತ್ತಿತ್ತು. ಕತ್ತರಿಸುತ್ತಿದ್ದದ್ದು ನಲ್ ಮೂವ್ ಎಂಬ ಉಪಾಯ. ಅಂದರೆ, ಒಂದು ಸರದಿ ಬಿಟ್ಟುಕೊಟ್ಟರೂ ನನ್ನ ಸ್ಥಿತಿ ಚೆನ್ನಾಗಿದ್ದರೆ ಮುಂದೆ ಹುಡುಕುವುದೇ ಬೇಡ ಎನ್ನುವ ಲೆಕ್ಕ. ಬಿಷಪ್ಪನ್ನು ಹೊಡೆದ ಮೇಲೆ ಬಿಳಿಗೆ ಒಂದು ಕಾಯಿ ಹೆಚ್ಚು, ಕಡಿಮೆ ಆಳದಲ್ಲಿ ನೋಡಿದರೆ ಸರದಿ ಬಿಟ್ಟರೂ ಹೆಚ್ಚೇ, ಹಾಗಾಗಿ ಕಪ್ಪಿನ ಎ ಮತ್ತು ಡಿ ಸಾಲಿನ ಪಾನ್‌ಗಳು ಓಡುವುದನ್ನು ಯಾರೂ ನೋಡುವುದೇ ಇಲ್ಲ. ಬರೀ ಪಾನ್ ಉಳಿದಾಗ ನಲ್ ಮೂವ್ ನಿಲ್ಲಿಸುವ ಸಾಮಾನ್ಯ ಕಾವಲು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಬಿಳಿಯ ಬಳಿ ಬಿಷಪ್ ಇದೆಯಲ್ಲ. ಸಾಲದ್ದಕ್ಕೆ, ಕಾಯಿ ಕಳೆಯುವ ನಡೆ ಅಂತ ಎಚ್3 ಪಟ್ಟಿಯ ಕೊನೆಗೆ ಹೋಗಿ ಅದರ ಆಳವೂ ಕಡಿತವಾಗುತ್ತಿತ್ತು.

ಈಗ ಕಾಯಿಗಳು ಕಡಿಮೆಯಿದ್ದು ಎದುರಾಳಿಗೆ ತಡೆಯಿಲ್ಲದ ಪಾನ್ ಇದ್ದರೆ ನಲ್ ಮೂವ್ ಬಂದ್ ಮಾಡಿದ್ದೇನೆ. ಎಂಜಿನ್ ಎಚ್3 ಆರಿಸುತ್ತಿದೆ! ಸರಿಯಾದ ನಡೆಯನ್ನು ತಪ್ಪು ಕಾರಣಕ್ಕೂ ಆರಿಸಬಹುದು, ಅದಕ್ಕೇ ಮುಂದಕ್ಕೂ ಆಡಿಸಿದೆ: ರಾಜ ಎಫ್5, ಇ4, ಆಮೇಲೆ ಎಫ್6 ಪಾನ್ ಹೋದರೂ ಚಿಂತೆ ಮಾಡದೆ ಡಿ4. ಶಿರೋವ್ ಆಡಿದ್ದೂ ಹಾಗೆಯೇ.

ಎಂಜಿನ್‌ಗೆ ಮುಂದಿನ ಪರೀಕ್ಷೆ 1962ರಲ್ಲಿ ಚೆರ್ನಿಕೋವ್ ವಿರುದ್ಧ ನೆಜ್ಮೆತ್ದಿನೋವ್ ಎರಡು ಸಣ್ಣ ಕಾಯಿಗಳಿಗೆ (ಬಿಷಪ್, ಕುದುರೆಯಂಥವು) ರಾಣಿಯನ್ನೇ ಕೊಟ್ಟ ಆಟ. ಅಲ್ಲಿ ತಕ್ಷಣ ಗೆಲ್ಲುವ ದಾರಿ ಕಾಣುವುದಿಲ್ಲ, ಸ್ಥಿತಿಗೆ ಬೆಲೆ ಕಟ್ಟುವುದೇ ಕಷ್ಟ. ಕತ್ತರಿಸುವುದನ್ನು ಕಡಿಮೆ ಮಾಡಿದರೆ ಸಾಲದು, ರಾಜನ ಸುರಕ್ಷತೆಯ ಅಂಕಗಳನ್ನೇ ಹೊಸದಾಗಿ ಬರೆಯಬೇಕು.