ತಾಳಮದ್ದಳೆಯ ಪೆನ್‌ಡ್ರೈವ್

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ಮಾರನೇ ದಿನವೇ ಅದನ್ನು ಪೂರ್ತಿ ಅಳಿಸಲು ಕೂತಿದ್ದೆ. ಅಪ್ಪಯ್ಯ ಕವಳ ಹಾಕುತ್ತಾ ಬಂದು ಹಿಂದೆ ನಿಂತ.

"ಹೊಸದಲ್ದಾ? ಎಂತಕ್ಕೆ ಅಳಸ್ತೆ?"

ಹೇಗೆ ಹೇಳೋದು? ಬಾಡಿಗೆ ಮನೆಗೆ ಹೋದಾಗ ಹಳಬರ ಸಾಮಾನು ಅಟ್ಟದ ಮೇಲೆ ಹಾಗೇ ಇದ್ದರೆ ಹೇಗನ್ನಿಸುತ್ತೆ, ಹಾಗಿತ್ತು ನನಗೆ. ಆನ್ ಮಾಡಿದರೆ ಆಂಟಿವೈರಸ್‌ನ ಟ್ರಯಲ್. ಪಕ್ಕದಲ್ಲಿ ನಾನು ಕೇಳದ ಎರಡು ಗೇಮು. ಬಲಗಡೆ ಮೂಲೆಯಿಂದ "ವಾರಂಟಿ ಹೆಚ್ಚಿಸಿಕೊಳ್ಳಿ" ಅಂತ ಗಳಿಗೆಗೊಮ್ಮೆ ಇಣುಕುವ ಜಾಹೀರಾತು. ಒಂದೊಂದಾಗಿ ತೆಗೆಯಬಹುದಿತ್ತು. ಆದರೆ ನಾನು ದಿನವಿಡೀ ಅದರ ಮುಂದೆ ಕೂತು ಅನುವಾದ ಮಾಡಬೇಕಾದವನು. ವಿಂಡೋಸ್ 11 ಅನ್ನೇ ಹೊಸದಾಗಿ ಹಾಕಿಬಿಡೋಣ ಅಂತ ಹೊರಟೆ.

ಅದಕ್ಕೆ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು. ಆಷಾಢದ ಮಳೆ, ಶಿರಸಿಗೆ ಹೋಗಿ ತರುವ ಮನಸ್ಸಿಲ್ಲ. ಮನೆಯಲ್ಲಿ ಇದ್ದದ್ದು ಒಂದೇ. ಅದು ಅಪ್ಪಯ್ಯನದು, ಕಾರಿನಲ್ಲಿ ಸದಾ ಸಿಕ್ಕಿಸಿಯೇ ಇರುತ್ತೆ, ತುಂಬಾ ತಾಳಮದ್ದಳೆ, ಕುಣಿತವಿಲ್ಲದೆ ಹಾಡು-ಮಾತಿನಲ್ಲೇ ನಡೆಯುವ ಯಕ್ಷಗಾನ.

"ತಾಳಮದ್ದಳೆ ಎಂತೂ ಹೋಗ್ತಿಲ್ಲೆ ಅಲ್ದಾ?"

ಇಲ್ಲ ಅಂದೆ. ಎಲ್ಲವನ್ನೂ ಹಳೇ ಲ್ಯಾಪ್‌ಟಾಪಿಗೆ ಕಾಪಿ ಮಾಡಿ, ಎರಡು ಸಲ ಪ್ಲೇ ಮಾಡಿ ನೋಡಿ, ಆಮೇಲೆಯೇ ಇನ್‌ಸ್ಟಾಲರ್ ತುಂಬಿದೆ. ಅದನ್ನು ತುಂಬುವಾಗ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತೆ. ಅಷ್ಟು ಜಾಗ್ರತೆ ಇತ್ತು ನನಗೆ. ಬೇರೆ ಕಡೆ ಇರಲಿಲ್ಲ, ಅದು ಬೇರೆ ಮಾತು.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಭಾಷೆ, ಕೀಬೋರ್ಡ್, ನೆಕ್ಸ್ಟ್, ನೆಕ್ಸ್ಟ್. "ಎಲ್ಲಿ ಇನ್‌ಸ್ಟಾಲ್ ಮಾಡಬೇಕು?" ಅಂತ ಕೇಳುವ ಜಾಗಕ್ಕೆ ಬಂತು. ಅಲ್ಲಿ ಪಟ್ಟಿ ಖಾಲಿ. ಡಿಸ್ಕೇ ಇಲ್ಲ.

ಎದೆ ಧಸಕ್ಕೆಂದಿತು. ಅಂಗಡಿಗೆ ಫೋನ್ ಮಾಡಿದೆ. "ಎಸ್‌ಎಸ್‌ಡಿ ಹೋಗಿರಬಹುದು ಸಾರ್, ಸೋಮವಾರ ತಗೊಂಡು ಬನ್ನಿ" ಅಂದ ಆ ಹುಡುಗ. ಹತ್ತು ನಿಮಿಷದ ಹಿಂದೆ ಅದೇ ಡಿಸ್ಕಿನಿಂದ ಲ್ಯಾಪ್‌ಟಾಪ್ ಆನ್ ಆಗಿತ್ತು. ಅಷ್ಟರೊಳಗೆ ಹೇಗೆ ಹೋಗುತ್ತೆ?

ಹೋಗಿರಲಿಲ್ಲ. ಈಗಿನ ಎಷ್ಟೋ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನೋ ಒಂದು ವ್ಯವಸ್ಥೆ ಆನ್ ಆಗಿರುತ್ತೆ. ಎಸ್‌ಎಸ್‌ಡಿ ಅದರ ಹಿಂದೆ ಇರುತ್ತೆ. ಅದರ ಡ್ರೈವರ್, ಅಂದರೆ ಅದರ ಜೊತೆ ಮಾತಾಡಲು ಬೇಕಾದ ಪುಟ್ಟ ಸಾಫ್ಟ್‌ವೇರ್, ವಿಂಡೋಸ್ ಹಾಕುವ ಸೆಟಪ್‌ನ ಹತ್ತಿರ ಇರದಿದ್ದರೆ ಡಿಸ್ಕ್ ಕಾಣೋದಿಲ್ಲ. ಜಗಲಿಯಲ್ಲಿ ನಿಂತು ಕೂಗಿದರೆ ಹಿತ್ತಲಲ್ಲಿ ಇರುವವರಿಗೆ ಕೇಳದ ಹಾಗೆ. ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ಸ್‌ಗೆ, ಹೋಗಿ ವಿಎಂಡಿಯನ್ನು ಆಫ್ ಮಾಡಬಹುದು, ಇಲ್ಲವೇ ಡ್ರೈವರ್ ಕೊಡಬೇಕು. ಆ ಡ್ರೈವರ್ ಮೊದಲೇ ಇಳಿಸಿಟ್ಟುಕೊಂಡಿದ್ದರೆ ಇಷ್ಟು ಗಾಬರಿಯೇ ಬೇಡವಾಗಿತ್ತು.

ಸರಿ, ಇಳಿಸೋಣ ಅಂದರೆ ಕರೆಂಟು ಹೋಯ್ತು. ರೂಟರ್ ಆಫ್. ನಮ್ಮಲ್ಲಿ ಮೊಬೈಲ್ ಸಿಗ್ನಲ್ ಬರೋದು ಮಾಳಿಗೆಯ ಪಡುವಣ ಕಿಟಕಿಯಲ್ಲಿ ಮಾತ್ರ. ಹಳೇ ಲ್ಯಾಪ್‌ಟಾಪ್ ಹೊತ್ತುಕೊಂಡು ಮೇಲೆ ಹೋಗಿ, ಫೋನನ್ನು ಸರಳಿಗೆ ಆನಿಸಿಟ್ಟು, ಡ್ರೈವರ್ ಇಳಿಸಿ, ಕೆಳಗೆ ಬಂದೆ. ಕಾಣಲಿಲ್ಲ! ನಾನು ಜಿಪ್ ಫೈಲನ್ನೇ ಹಾಗೇ ತುಂಬಿದ್ದೆ. ಸೆಟಪ್‌ಗೆ ಬೇಕಾದದ್ದು ಅದರೊಳಗಿನ ಐಎನ್‌ಎಫ್ ಫೈಲು. ಮತ್ತೆ ಬಿಚ್ಚಿ ತುಂಬಿ ಸಿಕ್ಕಿಸಿದೆ. "ಲೋಡ್ ಡ್ರೈವರ್" ಒತ್ತಿದೆ. ಡಿಸ್ಕ್ ಕಂಡಿತು, 476 ಜಿಬಿ.

ಕೊಂಡದ್ದು 512. ಮಂಡಿಯಲ್ಲಿ ಅಡಿಕೆ ತೂಕ ಕಡಿಮೆ ಬಂದ ಹಾಗೆ ಅನ್ನಿಸುತ್ತೆ, ಅಲ್ವಾ? ಮೋಸ ಏನಿಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಅದರಲ್ಲಿ ನಾಲ್ಕು ಪಾಲು ಇದ್ದವು. ಕಡೆಯದು ರಿಕವರಿ. ಅದನ್ನು ಅಳಿಸಿದರೆ ಅಂಗಡಿಯಿಂದ ಬಂದ ಸ್ಥಿತಿಗೆ ಮರಳಿ ಹೋಗಲು ಆಗೋದಿಲ್ಲ. ಒಂದು ಕ್ಷಣ ಬೆರಳು ತಡೆಯಿತು. ಆಮೇಲೆ ಒಂದಾದ ಮೇಲೊಂದು ಡಿಲೀಟ್ ಒತ್ತಿದೆ. ನಾಲ್ಕು ಹೋಗಿ ಒಂದೇ ಖಾಲಿ ಜಾಗವಾಯಿತು. ಬೆಳಿಗ್ಗೆಯಿಂದ ಪಟ್ಟ ಪಾಡಿಗೆ ಹೋಲಿಸಿದರೆ ಅಳಿಸುವ ಕೆಲಸ ಅರ್ಧ ನಿಮಿಷದ್ದು.

ಇನ್‌ಸ್ಟಾಲ್ ಬೇಗ ಮುಗಿಯಿತು. ಈಗ ವೈಫೈ ಪಟ್ಟಿ ಖಾಲಿ. ಅದಕ್ಕೂ ಡ್ರೈವರ್ ಇಲ್ಲ, ಮುಂದೆ ಹೋಗಲು ಇಂಟರ್ನೆಟ್ ಬೇಕು. ಈ ಸಲ ಗಾಬರಿಯಾಗಲಿಲ್ಲ. ಹೊಸ ಲ್ಯಾಪ್‌ಟಾಪನ್ನೇ ಮಾಳಿಗೆಗೆ ಒಯ್ದು ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ನೆಟ್ ಸಿಕ್ಕಿತು. ಉಳಿದ ಡ್ರೈವರ್‌ಗಳು ಅಪ್‌ಡೇಟ್ ಜೊತೆಗೇ ಬಂದವು.

ಲೈಸೆನ್ಸ್ ಬಗ್ಗೆ ಮಾತ್ರ ಒಳಗೇ ಭಯವಿತ್ತು. ಎಲ್ಲ ಅಳಿಸಿದ ಮೇಲೆ ಕೀ ಎಲ್ಲಿ? ಸೆಟಪ್ ಅದನ್ನು ಕೇಳಲೇ ಇಲ್ಲ. ವಿಂಡೋಸ್ ಹಾಕಿಯೇ ಮಾರಿದ ಲ್ಯಾಪ್‌ಟಾಪ್‌ಗಳಲ್ಲಿ ಕೀ ಸಾಮಾನ್ಯವಾಗಿ ಡಿಸ್ಕಿನಲ್ಲಿ ಅಲ್ಲ, ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಇರುತ್ತೆ. ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ತಾನಾಗೇ ಆಕ್ಟಿವೇಟ್ ಆಗಿತ್ತು. ಡಿಸ್ಕ್ ಎನ್‌ಕ್ರಿಪ್ಟ್ ಆದದ್ದರಿಂದ, ಅಂದರೆ ಅದಕ್ಕೆ ಬೀಗ ಬಿದ್ದದ್ದರಿಂದ, 48 ಅಂಕಿಯ ರಿಕವರಿ ಕೀಯನ್ನು ಮನೆಯ ಅಡಿಕೆ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟೆ. ಆರಾರು ಅಂಕಿಯ ಎಂಟು ಗುಂಪು. ನಾನು ಓದಿದೆ, ಅಪ್ಪಯ್ಯ ಬೆರಳಿಟ್ಟು ತಾಳೆ ನೋಡಿದ.

ಮೊದಲು ಹಾಕಿದ್ದು ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ. ನೋಟ್‌ಪ್ಯಾಡ್ ತೆರೆದು ಎ, ಕೆ, ಎಫ್, ಕೆ ಒತ್ತಿದೆ. "ಅಕ್ಕ" ಅಂತ ಒತ್ತಕ್ಷರ ಸರಿಯಾಗಿ ಕೂತಿತು. ಇನ್ನು ಇದು ನನ್ನದು ಅನ್ನಿಸಿದ್ದು ಆಗಲೇ.

ಸಂಜೆ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ ತಾಳಮದ್ದಳೆ ತುಂಬಿ ಕೊಟ್ಟೆ. ಐದು ನಿಮಿಷಕ್ಕೆ ಅಪ್ಪಯ್ಯ ವಾಪಸ್ ಬಂದ. ಕಾರು ಓದುತ್ತಿಲ್ಲ. ಸುಮ್ನೆ ಎನ್‌ಟಿಎಫ್‌ಎಸ್ ಅನ್ನೋ ಬಗೆಯ ಫಾರ್ಮ್ಯಾಟ್ ಆರಿಸಿಬಿಟ್ಟಿದ್ದೆ, ಆ ಸ್ಟೀರಿಯೊಗೆ ಬೇಕಾದದ್ದು ಫ್ಯಾಟ್32. ಮತ್ತೆ ಫಾರ್ಮ್ಯಾಟ್ ಮಾಡಿ, ಕೈಗೆ ಸಿಕ್ಕ ಕ್ರಮದಲ್ಲಿ ಫೈಲ್ ಎಳೆದು ಹಾಕಿದೆ. ಆ ಸ್ಟೀರಿಯೊ ಹೆಸರಿನ ಕ್ರಮ ನೋಡೋದಿಲ್ಲ, ಯಾವುದು ಮೊದಲು ಕಾಪಿ ಆಯಿತೋ ಅದನ್ನೇ ಮೊದಲು ಹಾಡುತ್ತೆ.

ಮಾರನೇ ದಿನ ಸೊಸೈಟಿಗೆ ಹೋಗಿ ಬಂದ ಅಪ್ಪಯ್ಯ ಕೊಡೆ ಮಡಿಸುತ್ತಾ ಬಾಗಿಲಲ್ಲೇ ನಿಂತ.

"ಕರ್ಣ ಸತ್ತಾದ ಮೇಲೆ ಶಲ್ಯ ರಥ ಹತ್ತಿದ್ನಲಾ ತಮಾ!"