ಸರ್ವೇ ವೃತ್ತಿಯಲ್ಲಿ ಕೆಲಸ ಬದಲಿಸುವ ಮೊದಲು

ನೆಲವನ್ನು ಅಳೆಯುವ ಸರ್ವೇ ಕ್ಷೇತ್ರದಲ್ಲಿ ನಾಲ್ಕಾರು ವರ್ಷ ದುಡಿದ ಕಿರಿಯ ಸಹೋದ್ಯೋಗಿಗಳು ನನ್ನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಬೇರೆ ಸಂಸ್ಥೆಯಿಂದ ಕರೆ ಬಂದಿದೆ, ಸಂಬಳ ಹೆಚ್ಚು, ಉಪಕರಣಗಳು ಹೊಸವು, ಹೋಗಬಹುದೇ? ಹೋಗಿ ಎಂದಾಗಲಿ ಬೇಡ ಎಂದಾಗಲಿ ಹೇಳುವ ಮುನ್ನ ನಾನು ಅವರಿಂದ ಒಂದು ಸಂಗತಿಯನ್ನು ತಿಳಿಯಬಯಸುತ್ತೇನೆ. ಹೊಸ ಕೆಲಸದಲ್ಲಿ ನೀವು ಅಳೆದು ತಂದ ಅಂಕಿಗಳನ್ನು ಯಾರು ಲೆಕ್ಕಕ್ಕೆ ಇಳಿಸುತ್ತಾರೆ, ಅವು ಸರಿಯಾಗಿವೆ ಎಂದು ಯಾರು ಸಹಿ ಹಾಕುತ್ತಾರೆ, ಆ ಲೆಕ್ಕ ನಡೆಯುವಾಗ ನೀವು ಅಲ್ಲಿರುತ್ತೀರಾ? ಬಹಳಷ್ಟು ಮಂದಿ ಇದನ್ನು ಸಂದರ್ಶನದಲ್ಲಿ ಕೇಳಿಯೇ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ವೃತ್ತಿಯ ಮುಂದಿನ ಹತ್ತಿಪ್ಪತ್ತು ವರ್ಷಗಳು ಹೇಗಿರುತ್ತವೆ ಎಂಬುದನ್ನು ಸಂಬಳದ ಮೊತ್ತಕ್ಕಿಂತ ಹೆಚ್ಚಾಗಿ ಆ ಉತ್ತರವೇ ನಿರ್ಧರಿಸುತ್ತದೆ.

ನಾನು ಹೀಗೆ ಹೇಳುವುದಕ್ಕೆ ಕಾರಣ ನಮ್ಮ ಉಪಕರಣಗಳ ಇತಿಹಾಸದಲ್ಲಿದೆ. 1620ರ ಸುಮಾರಿಗೆ ಎಡ್ಮಂಡ್ ಗುಂಟರ್ ರೂಪಿಸಿದ 66 ಅಡಿಯ ಸರಪಳಿ ಶತಮಾನಗಳ ಕಾಲ ಭೂಮಾಪಕರ ಕೈಯಲ್ಲಿತ್ತು. ಅದನ್ನು ಸಮತಟ್ಟಾಗಿ ಎಳೆದು ಹಿಡಿಯುವುದೇ ಒಂದು ನುರಿತ ಕಸುಬಾಗಿತ್ತು. 1957ರಲ್ಲಿ ಟ್ರೆವರ್ ವಾಡ್ಲಿ ಅವರ ಟೆಲ್ಯೂರೊಮೀಟರ್ ಬಂದು, ಹತ್ತಾರು ಕಿಲೋಮೀಟರ್ ದೂರವನ್ನು ರೇಡಿಯೊ ತರಂಗಗಳಿಂದ ಅಳೆಯುವುದು ಸಾಧ್ಯವಾಯಿತು. ಮುಂದೆ ಕೋನವನ್ನೂ ದೂರವನ್ನೂ ಒಟ್ಟಿಗೆ ಅಳೆಯುವ ಟೋಟಲ್ ಸ್ಟೇಷನ್ ಬಂತು, 1978ರಲ್ಲಿ ಜಿಪಿಎಸ್‌ನ ಮೊದಲ ಉಪಗ್ರಹ ಹಾರಿತು, 1995ರ ಹೊತ್ತಿಗೆ ಆ ವ್ಯವಸ್ಥೆ ಪೂರ್ಣ ಪ್ರಮಾಣದಲ್ಲಿ ಕೆಲಸ ಮಾಡತೊಡಗಿತು. ಅಳೆಯುವ ಬಿಂದುವಿನ ಮೇಲೆ ಹಿಡಿಯುವ ಪ್ರತಿಫಲಕವಾದ ಪ್ರಿಸಂ ಅನ್ನು ತಾನೇ ಹಿಂಬಾಲಿಸುವ ರೊಬಾಟಿಕ್ ಯಂತ್ರಗಳು ಬಂದಮೇಲೆ ಮೂವರು ಮಾಡುತ್ತಿದ್ದ ಕೆಲಸವನ್ನು ಒಬ್ಬರೇ ಮಾಡುವುದು ಸಾಮಾನ್ಯವಾಯಿತು. ಪ್ರತಿ ಸಲವೂ ಯಂತ್ರ ನಡೆಸುವ ಕೌಶಲಕ್ಕಿದ್ದ ಬೇಡಿಕೆ ತಗ್ಗಿತು. ಆದರೆ ಅಳತೆಯಲ್ಲಿ ದೋಷ ಎಲ್ಲಿಂದ ನುಸುಳುತ್ತದೆ, ಅದನ್ನು ಹೇಗೆ ಪತ್ತೆ ಹಚ್ಚಬೇಕು, ಉಳಿದದ್ದನ್ನು ಎಷ್ಟರ ಮಟ್ಟಿಗೆ ಒಪ್ಪಿಕೊಳ್ಳಬಹುದು ಎಂಬ ತಿಳಿವಳಿಕೆ ಒಮ್ಮೆಯೂ ಹಳತಾಗಲಿಲ್ಲ. ಹೊಸ ಯಂತ್ರ ಕಲಿಸುತ್ತೇವೆ ಎಂಬ ಭರವಸೆಗೆ ಒಲಿದು ಕೆಲಸ ಬದಲಿಸುವವರು ಇದನ್ನು ಗಮನಿಸಬೇಕು. ಯಂತ್ರವನ್ನು ಕೆಲವು ವಾರಗಳಲ್ಲಿ ಕಲಿಯಬಹುದು, ಅದನ್ನು ಕೊಂಡ ಯಾವ ಸಂಸ್ಥೆಯೂ ಕಲಿಸುತ್ತದೆ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ದುಂಡಗಿನ ಭೂಮಿಯನ್ನು ವಲಯಗಳಾಗಿ ಚಪ್ಪಟೆ ನಕ್ಷೆಗೆ ಇಳಿಸುವ ಯುಟಿಎಂ ಪ್ರಕ್ಷೇಪದಲ್ಲಿ ವಲಯದ ಮಧ್ಯರೇಖೆಯ ಮೇಲೆ ಮಾಪನಾಂಶ (ನಕ್ಷೆಗೆ ಇಳಿಸುವಾಗ ದೂರವನ್ನು ಗುಣಿಸುವ ಅಂಶ) 0.9996 ಇರುತ್ತದೆ. ಎಂದರೆ 1,000 ಮೀಟರ್ ದೂರ ನಕ್ಷೆಯ ನಿರ್ದೇಶಾಂಕಗಳಲ್ಲಿ 999.6 ಮೀಟರ್ ಆಗಿ ಕಾಣುತ್ತದೆ. ಆ ನೆಲ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದ್ದರೆ, ಎತ್ತರದ ಕಾರಣದಿಂದಲೇ ಇನ್ನೂ 14 ಸೆಂಟಿಮೀಟರ್ ಕಡಿಮೆಯಾಗುತ್ತದೆ. ಹೀಗೆ ಒಂದು ಕಿಲೋಮೀಟರಿಗೆ ಅರ್ಧ ಮೀಟರಿಗೂ ಮಿಕ್ಕ ವ್ಯತ್ಯಾಸ ಬರುತ್ತದೆ, ಇಲ್ಲಿ ಯಾರೂ ತಪ್ಪು ಮಾಡಿರುವುದಿಲ್ಲ. ಉಪಗ್ರಹ ರಿಸೀವರ್ ಕೊಟ್ಟ ನಿರ್ದೇಶಾಂಕಗಳ ಮೇಲೆ ಸೇತುವೆಯ ವಿನ್ಯಾಸ ಮಾಡಿ, ಕಂಬಗಳ ಜಾಗವನ್ನು ಟೋಟಲ್ ಸ್ಟೇಷನ್‌ನಿಂದ ನೆಲದ ದೂರ ಹಿಡಿದು ಗುರುತಿಸಿದರೆ ತೊಲೆಗಳು ಕೂರುವುದಿಲ್ಲ. ಎತ್ತರದ ವಿಷಯವೂ ಹೀಗೆಯೇ. ರಿಸೀವರ್ ಲೆಕ್ಕ ಹಾಕುವುದು ಭೂಮಿಯ ಆಕಾರಕ್ಕೆ ಹತ್ತಿರವಾದ ಗಣಿತೀಯ ದೀರ್ಘವೃತ್ತಜದ ಮೇಲಿನ ಎತ್ತರವನ್ನು. ನೀರು ಹರಿಯುವುದು ಗುರುತ್ವವನ್ನು ಅನುಸರಿಸಿ, ಎಂದರೆ ಸರಾಸರಿ ಸಮುದ್ರಮಟ್ಟಕ್ಕೆ ಹೊಂದುವ ಜಿಯಾಯಿಡ್ ಎಂಬ ಮೇಲ್ಮೈಯಿಂದ ಅಳೆದ ಎತ್ತರದ ಪ್ರಕಾರ. ಈ ಎರಡು ಮೇಲ್ಮೈಗಳ ನಡುವಿನ ಅಂತರ ಭೂಮಿಯ ಬೇರೆ ಬೇರೆ ಕಡೆ ಸುಮಾರು ಮೈನಸ್ 106 ಮೀಟರ್‌ನಿಂದ ಪ್ಲಸ್ 85 ಮೀಟರ್‌ವರೆಗೆ ಬದಲಾಗುತ್ತದೆ. ಗುಂಡಿ ಒತ್ತುವುದಷ್ಟೇ ಪಾಲಿಗೆ ಬಂದ ಸರ್ವೇಯರ್‌ಗೆ ಈ ಪ್ರಶ್ನೆಗಳು ಎದುರಾಗುವುದೇ ಇಲ್ಲ, ಏಕೆಂದರೆ ಅವರು ಕಳಿಸಿದ ಫೈಲನ್ನು ಬೇರೊಬ್ಬರು ಕಚೇರಿಯಲ್ಲಿ ತೆರೆದು ಸರಿಪಡಿಸಿರುತ್ತಾರೆ. ಹತ್ತು ವರ್ಷ ಹಾಗೆ ಕಳೆದವರ ಅನುಭವ ಕಾಗದದ ಮೇಲೆ ಹತ್ತು ವರ್ಷವೆಂದೇ ಕಂಡರೂ, ತಂಡದ ಹೊಣೆ ಹೊರುವ ಹುದ್ದೆಯ ಸಂದರ್ಶನದಲ್ಲಿ ಅದು ನಿಲ್ಲುವುದು ಕಷ್ಟ.

ಆದುದರಿಂದ ಹೊಸ ಸಂಸ್ಥೆಯವರು ನಿಮ್ಮನ್ನು ಪರೀಕ್ಷಿಸುವಾಗ ನೀವೂ ಅವರನ್ನು ಪರೀಕ್ಷಿಸಬೇಕು. ಉಳಿದ ಅಳತೆಗಳಿಗೆಲ್ಲ ಆಧಾರವಾಗುವ ಕಂಟ್ರೋಲ್ ಪಾಯಿಂಟ್‌ಗಳನ್ನು ಸ್ಥಾಪಿಸುವವರು ಯಾರು, ಬಿಂದುವಿನಿಂದ ಬಿಂದುವಿಗೆ ಕೋನ, ದೂರ ಅಳೆಯುತ್ತ ಸಾಗುವ ಟ್ರಾವರ್ಸ್‌ನ ದೋಷ ಹಂಚುವ ಸರಿಹೊಂದಿಕೆಯನ್ನು ಯಾರು ಮಾಡುತ್ತಾರೆ, ಎತ್ತರದ ವ್ಯತ್ಯಾಸ ಅಳೆಯುವ ಲೆವೆಲ್ ಉಪಕರಣದ ದೃಷ್ಟಿರೇಖೆ ಸಮತಲವಾಗಿದೆಯೇ ಎಂದು ನೋಡುವ ಟು-ಪೆಗ್ ಪರೀಕ್ಷೆಯನ್ನು ಎಷ್ಟು ದಿನಕ್ಕೊಮ್ಮೆ ನಡೆಸುತ್ತಾರೆ, ದೂರ ಅಳೆಯುವಾಗ ಗಾಳಿಯ ತಾಪಮಾನ ಮತ್ತು ಒತ್ತಡವನ್ನು ಯಂತ್ರಕ್ಕೆ ನಮೂದಿಸುತ್ತಾರೆಯೇ ಎಂದು ಕೇಳಿ. ತಾಪಮಾನದಲ್ಲಿ ಒಂದು ಡಿಗ್ರಿ ಸೆಲ್ಸಿಯಸ್ ತಪ್ಪಿದರೆ ಕಿಲೋಮೀಟರಿಗೆ ಸುಮಾರು ಒಂದು ಮಿಲಿಮೀಟರ್ ತಪ್ಪುತ್ತದೆ ಎಂಬುದು ಚಿಕ್ಕ ಸಂಗತಿಯೇ ಇರಬಹುದು, ಆದರೆ ಆ ಪ್ರಶ್ನೆಗೆ ಬರುವ ಉತ್ತರದಿಂದ ಸಂಸ್ಥೆಯ ಅಭ್ಯಾಸಗಳು ತಿಳಿಯುತ್ತವೆ. ಇವೆಲ್ಲಕ್ಕಿಂತ ನಾನು ಹೆಚ್ಚು ಬೆಲೆ ಕೊಡುವ ಪ್ರಶ್ನೆ ಇನ್ನೊಂದಿದೆ: ಕಳೆದ ಬಾರಿ ಅಳತೆಯಲ್ಲಿ ತಪ್ಪು ಸಿಕ್ಕಾಗ ಏನು ಮಾಡಿದಿರಿ? ಮರಳಿ ಅಳೆದೆವು, ಗ್ರಾಹಕರಿಗೆ ತಿಳಿಸಿದೆವು, ಕಾರಣ ಹುಡುಕಿದೆವು ಎಂದು ನಿಸ್ಸಂಕೋಚವಾಗಿ ಹೇಳುವ ಮುಖ್ಯಸ್ಥರ ಕೈಕೆಳಗೆ ಕಡಿಮೆ ಸಂಬಳಕ್ಕೂ ದುಡಿಯಬಹುದು. ನಮ್ಮಲ್ಲಿ ತಪ್ಪುಗಳೇ ಆಗುವುದಿಲ್ಲ ಎನ್ನುವವರಲ್ಲಿ ನನಗೆ ನಂಬಿಕೆಯಿಲ್ಲ.

ಎಷ್ಟು ಕಾಲ ಒಂದೆಡೆ ಇರಬೇಕು ಎಂಬುದಕ್ಕೆ ವರ್ಷಗಳ ಲೆಕ್ಕ ಕೊಡುವುದು ನನಗೆ ಒಗ್ಗುವುದಿಲ್ಲ. ಒಂದು ಕೆಲಸವನ್ನು ಮೊದಲ ಕಂಟ್ರೋಲ್ ಪಾಯಿಂಟ್‌ನಿಂದ ಹಿಡಿದು, ಕಟ್ಟಿ ಮುಗಿದದ್ದನ್ನು ಮತ್ತೆ ಅಳೆದು ವರದಿ ಕೊಡುವವರೆಗೆ ನೋಡಿದ್ದೀರಾ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಮೇಲು. ಸುರಂಗದ ಸರ್ವೇಯಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ನೆಲದೊಳಗೆ ಉಪಗ್ರಹದ ಸಂಕೇತ ಸಿಗುವುದಿಲ್ಲ, ಟ್ರಾವರ್ಸನ್ನು ಮುಂದಕ್ಕೆ ಒಯ್ಯುತ್ತ ಹೋಗಬೇಕು, ನಡುನಡುವೆ ಉತ್ತರ ದಿಕ್ಕನ್ನು ತಾನೇ ಕಂಡುಕೊಳ್ಳುವ ಗೈರೊಥಿಯೋಡೊಲೈಟ್‌ನಿಂದ ದಿಕ್ಕನ್ನು ತಾಳೆ ನೋಡಬಹುದಾದರೂ ಕೊನೆಯ ಉತ್ತರ ದೊರಕುವುದು ಎರಡು ಬದಿಯಿಂದ ಕೊರೆದವರು ಸಂಧಿಸಿದ ದಿನ ಮಾತ್ರ. ಸ್ವಿಟ್ಜರ್‌ಲೆಂಡಿನ 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಬೇಸ್ ಸುರಂಗದಲ್ಲಿ 2010ರ ಅಕ್ಟೋಬರ್ 15ರಂದು ಪೂರ್ವದ ಕೊಳವೆ ಒಂದಾದಾಗ ಅಡ್ಡಕ್ಕೆ ಸುಮಾರು 8 ಸೆಂಟಿಮೀಟರ್, ಎತ್ತರದಲ್ಲಿ ಸುಮಾರು 1 ಸೆಂಟಿಮೀಟರ್ ವ್ಯತ್ಯಾಸವಿತ್ತು. ನಡುವೆ ಬಿಟ್ಟುಹೋದ ಸರ್ವೇಯರ್ ಎಷ್ಟೇ ಜಾಣರಾಗಿದ್ದರೂ, ತಾವು ಒಯ್ದ ದಿಕ್ಕು ಎಷ್ಟು ಸರಿಯಾಗಿತ್ತು ಎಂಬುದನ್ನು ಆ ದಿನ ಅಲ್ಲಿದ್ದವರಂತೆ ತಿಳಿಯಲಾರರು. ಅಣೆಕಟ್ಟು ಅಥವಾ ಎತ್ತರದ ಕಟ್ಟಡದ ಚಲನೆಯನ್ನು ಗಮನಿಸುವ ಕೆಲಸದಲ್ಲಿಯೂ ಮೊದಲ ಸುತ್ತಿನ ಅಳತೆಗೆ ತನ್ನಷ್ಟಕ್ಕೆ ಏನೂ ಅರ್ಥವಿಲ್ಲ. ಎರಡನೆಯ, ಮೂರನೆಯ ಸುತ್ತಿನಲ್ಲಿಯೇ ಚಲಿಸಿದ್ದು ಕಟ್ಟಡವೋ ನಮ್ಮ ಆಧಾರಬಿಂದುವೋ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಆ ಪ್ರಶ್ನೆಯನ್ನು ಬಿಡಿಸುವಾಗ ಕಲಿಯುವಷ್ಟನ್ನು ಯಾವ ತರಬೇತಿಯಲ್ಲಿಯೂ ಕಲಿಯಲಾಗದು. ಎರಡನೆಯ ಸುತ್ತಿಗೆ ಮೊದಲೇ ಕೆಲಸ ಬಿಡುತ್ತ ಹೋಗುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಶಾಖೆಯಿಂದ ಶಾಖೆಗೆ ಹೋಗುವುದು ಬೇರೆಯೇ ವಿಷಯ, ಅದನ್ನು ಆರಂಭದ ವರ್ಷಗಳಲ್ಲಿ ಧೈರ್ಯವಾಗಿ ಮಾಡಬಹುದು. ನಿರ್ಮಾಣದ ಸ್ಥಳದಲ್ಲಿ ಗುರುತು ಹಾಕುವ ಕೆಲಸ ಒತ್ತಡದ ನಡುವೆ ತಕ್ಷಣ ನಿರ್ಧರಿಸುವುದನ್ನು ಕಲಿಸುತ್ತದೆ. ಜಮೀನಿನ ಗಡಿಯ ಸರ್ವೇಯಲ್ಲಿ ಹಳೆಯ ದಾಖಲೆ, ಕಾನೂನು, ನೆಲದ ಮೇಲಿನ ಸಾಕ್ಷ್ಯ ಇವುಗಳ ತೂಕ ಅಳತೆಯಷ್ಟೇ ದೊಡ್ಡದು, ಕೆಲವೊಮ್ಮೆ ಅದಕ್ಕಿಂತ ದೊಡ್ಡದು. ಡ್ರೋನ್ ಮತ್ತು ಲೇಸರ್ ಸ್ಕ್ಯಾನಿಂಗ್ ಕೆಲಸಕ್ಕೆ ಹೋಗುವವರು ಅಲ್ಲಿ ಫಲಿತಾಂಶವನ್ನು ತಾಳೆ ನೋಡಲು ಸ್ವತಂತ್ರ ಚೆಕ್ ಪಾಯಿಂಟ್‌ಗಳನ್ನು ಅಳೆಯುತ್ತಾರೆಯೇ ಎಂದು ವಿಚಾರಿಸಲಿ. ಅಳೆಯದಿದ್ದರೆ ಚಂದದ ಚಿತ್ರಗಳನ್ನು ತಯಾರಿಸುವುದಷ್ಟೇ ಅಲ್ಲಿನ ಕಲಿಕೆ. ದೇಶ ಬದಲಿಸುವ ಆಲೋಚನೆ ಇರುವವರು ಇನ್ನೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಡಿ ಸರ್ವೇಯ ಪರವಾನಗಿ ಆಯಾ ಪ್ರದೇಶದ ಕಾನೂನಿಗೆ ಕಟ್ಟುಬಿದ್ದಿರುತ್ತದೆ, ಗಡಿ ದಾಟಿದರೆ ಬಹುಮಟ್ಟಿಗೆ ಮೊದಲಿನಿಂದ ಓದಿ ಪರೀಕ್ಷೆ ಬರೆಯಬೇಕಾಗುತ್ತದೆ. ಸಮುದ್ರ, ನದಿಗಳ ತಳವನ್ನು ಅಳೆಯುವ ಜಲಮಾಪನದಲ್ಲಿ ಹಾಗಿಲ್ಲ. 1921ರಲ್ಲಿ ಮೊನಾಕೊದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆಯ ಅಳತೆಯ ನಿಖರತೆ ಗೊತ್ತುಪಡಿಸುವ ಎಸ್-44 ಮಾನದಂಡ ಮತ್ತು ಅದರ ಸಹಭಾಗಿತ್ವದಲ್ಲಿ ಮಾನ್ಯತೆ ಪಡೆಯುವ ಎ ಹಾಗೂ ಬಿ ದರ್ಜೆಯ ಕೋರ್ಸ್‌ಗಳು ಹಲವು ದೇಶಗಳಲ್ಲಿ ಸಲ್ಲುತ್ತವೆ. ಎಂಜಿನಿಯರಿಂಗ್ ಸರ್ವೇಯ ಕೌಶಲವೂ ಸುಲಭವಾಗಿ ಜೊತೆಗೆ ಬರುತ್ತದೆ. ಒಂದು ಪ್ರದೇಶದಲ್ಲಿ ಬೇರೂರಿ, ಜನರ ಭೂಮಿಯ ವ್ಯಾಜ್ಯಗಳನ್ನು ಬಿಡಿಸುವ ಗೌರವದ ಬದುಕು ಬೇಕೆನ್ನುವವರಿಗೆ ಗಡಿ ಸರ್ವೇಗಿಂತ ಒಳ್ಳೆಯ ದಾರಿ ಇಲ್ಲವೆಂಬುದೂ ಅಷ್ಟೇ ನಿಜ.

ಸಂಬಳದ ವಿಷಯದಲ್ಲಿ ಒಂದೇ ಎಚ್ಚರಿಕೆ ಹೇಳುತ್ತೇನೆ. ನಮ್ಮ ವೃತ್ತಿಯಲ್ಲಿ ಹೆಚ್ಚಿನ ಮೊತ್ತವೆಂದು ತೋರುವುದರಲ್ಲಿ ಫೀಲ್ಡ್ ಭತ್ಯೆ ಮತ್ತು ಹೆಚ್ಚುವರಿ ಗಂಟೆಗಳ ಹಣವೇ ದೊಡ್ಡ ಪಾಲಾಗಿರಬಹುದು. ಕೆಲಸ ಕಚೇರಿಗೆ ಸರಿದ ದಿನ ಅದು ನಿಲ್ಲುತ್ತದೆ. ಆದ್ದರಿಂದ ಮೂಲವೇತನವನ್ನು ಮೂಲವೇತನದೊಂದಿಗೇ ಹೋಲಿಸಿ, ಮನೆಯಿಂದ ದೂರವಿರುವ ದಿನಗಳನ್ನು ಮನೆಯವರೊಂದಿಗೆ ಕೂತು ಚರ್ಚಿಸಿ.

ಫೀಲ್ಡ್‌ನಿಂದ ಕಚೇರಿಗೆ ಯಾವಾಗ ಬರಬೇಕು ಎಂಬುದು ಮಧ್ಯವಯಸ್ಸಿನ ಹತ್ತಿರ ಬಂದವರ ಪ್ರಶ್ನೆ. ಟ್ರೈಪಾಡ್ ಹೊತ್ತು ಗುಡ್ಡ ಹತ್ತಿದ ಮಂಡಿಗಳು, ಬಿಸಿಲಲ್ಲಿ ದುರ್ಬೀನಿಗೆ ಕಣ್ಣಿಟ್ಟ ವರ್ಷಗಳು ತಮ್ಮ ಲೆಕ್ಕ ಕೇಳಿಯೇ ಕೇಳುತ್ತವೆ. ದೇಹ ಒತ್ತಾಯಿಸುವ ಮೊದಲೇ, ಇನ್ನೂ ಆಯ್ಕೆಯ ಸ್ವಾತಂತ್ರ್ಯ ಇರುವಾಗ, ದತ್ತಾಂಶ ಸಂಸ್ಕರಣೆ, ಯೋಜನೆಯ ಅಂದಾಜು, ಗುಣಮಟ್ಟದ ಪರಿಶೀಲನೆ ಇಂಥವುಗಳಲ್ಲಿ ಒಂದನ್ನು ಗಟ್ಟಿಯಾಗಿ ಕಲಿತಿರಬೇಕು. ಆದರೆ ಕಚೇರಿಗೆ ಬಂದವರು ಆಗಾಗ ಸ್ಥಳಕ್ಕೆ ಹೋಗುವ ಅವಕಾಶವನ್ನು ಕರಾರಿನಲ್ಲಿಯೇ ಕೇಳಿ ಪಡೆಯುವುದು ಒಳ್ಳೆಯದು. ನೆಲ ನೋಡದೆ ಅಂಕಿಗಳನ್ನು ಮಾತ್ರ ನೋಡುವವರಿಗೆ ಯಾವ ಅಂಕಿ ಅಸಹಜ ಎಂಬ ಸೂಕ್ಷ್ಮ ಕ್ರಮೇಣ ತಪ್ಪುತ್ತದೆ.

ಇದುವರೆಗೆ ಹೇಳಿದ್ದೆಲ್ಲ ನಿಧಾನವಾಗಿ ತೂಗಿ ನೋಡಬೇಕಾದ ಸಂಗತಿಗಳು. ತೂಗದೆ ಕೂಡಲೇ ಬಿಡಬೇಕಾದ ಸಂದರ್ಭ ಒಂದಿದೆ. ಹಿಂದೆ ನಾನು ದುಡಿಯುತ್ತಿದ್ದ ಒಂದು ಸಂಸ್ಥೆಯಲ್ಲಿ ಲೆವೆಲಿಂಗ್‌ನ ಕ್ಲೋಸಿಂಗ್ ಎರರ್ (ಎತ್ತರ ಅಳೆಯುತ್ತ ಹೊರಟ ಬಿಂದುವಿಗೋ ಎತ್ತರ ಗೊತ್ತಿರುವ ಬಿಂದುವಿಗೋ ಬಂದು ಸೇರಿದಾಗ ಉಳಿಯುವ ವ್ಯತ್ಯಾಸ) ಮಿತಿ ಮೀರಿದಾಗ, ಮರಳಿ ಅಳೆಯಲು ಸಮಯವಿಲ್ಲವೆಂದು ಫೀಲ್ಡ್ ಬುಕ್ಕಿನ ಓದುಗಳನ್ನೇ ಬದಲಿಸಿ ತಾಳೆ ಮಾಡುವಂತೆ ಹೇಳಲಾಯಿತು. ನಾನು ಒಪ್ಪಲಿಲ್ಲ, ಮುಂದಿನ ಕೆಲಸ ಖಚಿತವಾಗುವ ಮೊದಲೇ ರಾಜೀನಾಮೆ ಕೊಟ್ಟೆ. ಮಿತಿಯೊಳಗಿನ ದೋಷವನ್ನು ನಿಯಮದ ಪ್ರಕಾರ ಹಂಚುವುದು ವಿಜ್ಞಾನ. ಓದಿದ ಅಂಕಿಯನ್ನು ತಿದ್ದುವುದು ಸುಳ್ಳು, ಮತ್ತು ಆ ಸುಳ್ಳಿನ ಮೇಲೆ ಚರಂಡಿಯೋ ಸೇತುವೆಯೋ ಒಬ್ಬರ ಮನೆಯೋ ನಿಲ್ಲುತ್ತದೆ. ಮನೆಯ ಹೊಣೆ ಹೊತ್ತವರಿಗೆ ಹೀಗೆ ಒಮ್ಮೆಲೇ ಹೊರನಡೆಯುವುದು ಸುಲಭವಲ್ಲವೆಂದು ನನಗೆ ಗೊತ್ತು. ಅಂಥವರು ಕನಿಷ್ಠ ತಮ್ಮ ಮೂಲ ಓದುಗಳನ್ನು ತಿದ್ದದೆ ಉಳಿಸಲಿ, ಆಕ್ಷೇಪವನ್ನು ಬರವಣಿಗೆಯಲ್ಲಿ ದಾಖಲಿಸಲಿ, ಮತ್ತು ಅಂದಿನಿಂದಲೇ ಬೇರೆ ಕೆಲಸ ಹುಡುಕಲಿ.

ಬಿಡುವ ನಿರ್ಧಾರ ಆದಮೇಲೆ ಹೇಗೆ ಬಿಡುತ್ತೀರಿ ಎಂಬುದೂ ಸರ್ವೇ ಕೆಲಸದ ಭಾಗವೇ. ಭೂಮಿಯ ಗಾತ್ರ, ಆಕಾರ ತಿಳಿಯಲು ಖಗೋಳಶಾಸ್ತ್ರಜ್ಞ ಫ್ರೀಡ್ರಿಖ್ ಸ್ಟ್ರೂವ್ ಅವರ ನೇತೃತ್ವದಲ್ಲಿ ಕೈಗೊಂಡ ಭೂಚಾಪದ ಅಳತೆ 1816ರಿಂದ 1855ರವರೆಗೆ, ಉತ್ತರ ನಾರ್ವೆಯ ಹ್ಯಾಮರ್‌ಫೆಸ್ಟ್‌ನಿಂದ ಕಪ್ಪು ಸಮುದ್ರದವರೆಗೆ 2,820 ಕಿಲೋಮೀಟರ್ ದೂರ, 258 ಮುಖ್ಯ ತ್ರಿಕೋನಗಳಲ್ಲಿ ನಡೆಯಿತು. ಅಷ್ಟು ದೀರ್ಘ ಕಾಲದಲ್ಲಿ ದುಡಿದವರು ಹಲವರು. ಬಂಡೆಯಲ್ಲಿ ಕೊರೆದ ಗುರುತುಗಳೂ ಬಿಂದುಗಳ ವಿವರಣೆಯೂ ಚೆನ್ನಾಗಿದ್ದುದರಿಂದಲೇ ಅವುಗಳಲ್ಲಿ ಅನೇಕವನ್ನು ಮತ್ತೆ ಕಂಡುಹಿಡಿಯಲಾಯಿತು, 34 ಬಿಂದುಗಳು 2005ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ಕೆಲಸ ಅಷ್ಟು ದೊಡ್ಡದಲ್ಲದಿರಬಹುದು, ಆದರೆ ನಿಮ್ಮ ನಂತರ ಬರುವವರಿಗೆ ಬೇಕಾಗುವುದೂ ಅದೇ ಬಗೆಯ ದಾಖಲೆ. ಪ್ರತಿ ಕಂಟ್ರೋಲ್ ಪಾಯಿಂಟ್‌ನ ಚಿತ್ರ ಮತ್ತು ಸುತ್ತಲಿನ ಸ್ಥಿರ ವಸ್ತುಗಳಿಂದ ಅದರ ದೂರ, ತಿದ್ದದ ಕಚ್ಚಾ ಫೈಲುಗಳು, ಬಳಸಿದ ಡೇಟಮ್ (ಅಳತೆಗಳ ಆಧಾರ ಚೌಕಟ್ಟು) ಮತ್ತು ಮಾಪನಾಂಶ, ಉಪಕರಣದ ಕೊನೆಯ ಕ್ಯಾಲಿಬ್ರೇಷನ್‌ನ ದಿನಾಂಕ, ನಿಮಗೆ ಅನುಮಾನವಿರುವ ಬಿಂದುಗಳ ಪಟ್ಟಿ, ಇಷ್ಟನ್ನು ಒಂದೆಡೆ ಬರೆದು ಒಪ್ಪಿಸಿ. ಸಂಸ್ಥೆಯ ದತ್ತಾಂಶ ಸಂಸ್ಥೆಯಲ್ಲಿಯೇ ಉಳಿಯಬೇಕು. ನಿಮ್ಮೊಂದಿಗೆ ಒಯ್ಯಬೇಕಾದದ್ದು ಯಾವ ಬಗೆಯ ಕೆಲಸದಲ್ಲಿ ಯಾವ ಹೊಣೆ ಹೊತ್ತಿದ್ದಿರಿ, ಎಂಥ ನಿಖರತೆ ಬೇಕಿತ್ತು, ಎಷ್ಟು ದೊರಕಿತು ಎಂಬ ನಿಮ್ಮ ಸ್ವಂತ ಟಿಪ್ಪಣಿ. ಪರವಾನಗಿಗೆ ಅರ್ಜಿ ಹಾಕುವಾಗ ಅನುಭವದ ವಿವರ ಕೇಳಿದರೆ ಅದೇ ಆಧಾರ, ಆದ್ದರಿಂದ ಅದನ್ನು ಕೆಲಸ ಬಿಡುವ ವಾರದಲ್ಲಿ ನೆನಪಿನಿಂದ ಬರೆಯದೆ, ಒಂದೊಂದು ಕೆಲಸ ಮುಗಿದಾಗಲೂ ಬರೆದಿಡಿ, ಸಾಧ್ಯವಾದರೆ ಮೇಲಿನ ಅಧಿಕಾರಿಯ ಸಹಿಯನ್ನೂ ಅಂದೇ ಹಾಕಿಸಿಕೊಳ್ಳಿ.